ಒಂದು ಸಹಿ, ಎಂಟು ಲಕ್ಷ ತಕರಾರು

ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ.

ಇಪ್ಪತ್ತು ವರ್ಷದಿಂದ ಗುಮಾಸ್ತನ ಕೆಲಸ ಮಾಡ್ತಿದ್ದೀನಿ. ಯಾವ ಕಾಗದ ಮೇಲಕ್ಕೆ ಹೋಗುತ್ತೆ, ಯಾವುದು ಬೀರುವಿನಲ್ಲೇ ಗೆದ್ದಲು ಹಿಡಿಯುತ್ತೆ ಅನ್ನೋದು ನನಗೆ ಗೊತ್ತು. ಹಾಗಿದ್ದೂ ಕೆಲವು ವರ್ಷದ ಹಿಂದೆ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಕೇರಿ ಪಕ್ಕ ಜಲ್ಲಿ ಕ್ರಷರ್ ಬರುತ್ತೆ ಅಂದಾಗ ತಕರಾರು ಅರ್ಜಿ ಬರೆದವನು ನಾನು. ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಸಭೆಯಲ್ಲಿ ಅರ್ಜಿ ಕೊಟ್ಟು ಬಂದ್ವಿ. ಆಮೇಲೆ ನಡಾವಳಿ ತೆಗೆಸಿ ನೋಡಿದರೆ, ಆಕ್ಷೇಪಣೆ ಬಂದಿಲ್ಲ ಅಂತ ಒಂದೇ ಸಾಲು. ದಿನವೂ ಬೇರೆಯವರ ಕಾಗದಕ್ಕೆ ಇನ್‌ವರ್ಡ್ ನಂಬರ್ ಹಾಕೋ ನಾನು, ನಮ್ಮ ಅರ್ಜಿಗೆ ಸ್ವೀಕೃತಿ ತಗೊಂಡಿರಲಿಲ್ಲ. ಕೇರಿಯ ಅಜ್ಜಿಯೊಬ್ಬರು ಕೇಳಿದರು: "ನಮ್ಮ ಹೆಬ್ಬೆಟ್ಟು ಎಲ್ಲೋಯ್ತಪ್ಪಾ?"

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಬೇರೆ ಕಡೆ ಇಂಥ ಕಡತಗಳು ಹೇಗೆ ನಡೆದವು ಅಂತ ಓದ್ತಾ ಹೋದೆ. ಹಾಗೆ ಸಿಕ್ಕಿದ್ದು ಜರ್ಮನಿಯ ಬವೇರಿಯಾ ರಾಜ್ಯ. ಅಲ್ಲಿ 1970ರ ಡಿಸೆಂಬರ್‌ನಲ್ಲಿ ಪರಿಸರಕ್ಕೆ ಅಂತಲೇ ಒಂದು ಸಚಿವಾಲಯ ಶುರುವಾಯಿತು. ಜರ್ಮನಿಯಲ್ಲೇ ಅದು ಮೊದಲು. ಇಡೀ ದೇಶಕ್ಕೆ ಕೇಂದ್ರ ಪರಿಸರ ಸಚಿವಾಲಯ ಬರೋಕೆ 1986ರ ಜೂನ್ ಆಗಬೇಕಾಯಿತು. 1972ರಲ್ಲಿ ಬವೇರಿಯಾದವರು ಆಲ್ಪ್ಸ್ ಬೆಟ್ಟಗಳಿಗೆ ಒಂದು ಯೋಜನೆ ಮಾಡಿ, ತಮ್ಮ ಪಾಲಿನ ಬೆಟ್ಟಪ್ರದೇಶದ ಶೇಕಡ 40ಕ್ಕಿಂತ ಹೆಚ್ಚು ಭಾಗದಲ್ಲಿ ಹೊಸ ರಸ್ತೆ, ಕೇಬಲ್ ಕಾರು ಬೇಡ ಅಂದರು. ಒಳ್ಳೆ ಕೆಲಸ, ಒಪ್ಪೋಣ.

ಆದರೆ ಸಚಿವಾಲಯದ ಹೆಸರಲ್ಲಿ ಪರಿಸರ ಇದ್ದ ಮಾತ್ರಕ್ಕೆ ಅದು ಪರಿಸರದ ಪರ ನಿಲ್ಲುತ್ತಾ? ಅದಕ್ಕೆ ಉತ್ತರ ವಾಕರ್ಸ್‌ಡೋರ್ಫ್ ಅನ್ನೋ ಊರಲ್ಲಿದೆ.

ಅದು ಕಲ್ಲಿದ್ದಲಿನ ಸೀಮೆ. 1982ಕ್ಕೆ ಗಣಿ ಮುಚ್ಚಿತು, ಜನ ಕೆಲಸ ಕಳಕೊಂಡರು. ಅಣು ಸ್ಥಾವರಗಳಲ್ಲಿ ಉರಿದು ಉಳಿದ ಇಂಧನವನ್ನು ಮರುಸಂಸ್ಕರಿಸೋ ಕಾರ್ಖಾನೆಗೆ 1985ರ ಫೆಬ್ರವರಿಯಲ್ಲಿ ಅದೇ ಜಾಗ ಆರಿಸಿದರು. ಕೆಲಸ ಕೊಡ್ತೀವಿ ಅಂದರು. ಹಸಿದ ಊರನ್ನು ಹುಡುಕಿಕೊಂಡು ಹೋಗಿ ಅಪಾಯ ಇಳಿಸೋದು ನಮಗೆ ಹೊಸದಲ್ಲ, ಅಲ್ವಾ?

ಅಲ್ಲಿನ ಜಿಲ್ಲಾಡಳಿತದ ಮುಖ್ಯಸ್ಥ ಹಾನ್ಸ್ ಶೂಯಿರರ್. ಜನರಿಂದ ಆಯ್ಕೆಯಾದವರು. ಕೆಲಸ ಸಿಗುತ್ತೆ ಅಂತ ಮೊದಲು ಅವರಿಗೂ ಆಸೆ ಇತ್ತು. ನಕ್ಷೆಯಲ್ಲಿ 200 ಮೀಟರ್ ಎತ್ತರದ ಚಿಮಣಿ ಕಂಡು, ಇಷ್ಟೆತ್ತರ ಯಾಕೆ ಅಂತ ಕೇಳಿದರು. ಹೊರಬರೋ ವಿಕಿರಣ ದೂರದೂರಕ್ಕೆ ಹರಡಿಹೋಗಲಿ ಅಂತ ಅನ್ನೋ ಅರ್ಥದ ಉತ್ತರ ಬಂತು. ಅಂದ್ರೆ ವಿಷ ಇದೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಶೂಯಿರರ್ ತಿರುಗಿ ನಿಂತರು. ತನ್ನ ಮೇಜಿಗೆ ಬಂದ ಯೋಜನೆಯನ್ನು ಮುಂದಕ್ಕೆ ಬಿಡಲಿಲ್ಲ, ಸಹಿ ಹಾಕಲಿಲ್ಲ.

ನಮ್ಮ ಕಡೆ ಆಗಿದ್ದರೆ ರಾತ್ರೋರಾತ್ರಿ ವರ್ಗಾವಣೆ. ಅವರು ಚುನಾಯಿತರು, ವರ್ಗ ಮಾಡೋಕೆ ಆಗಲ್ಲ. ಹಾಗಾಗಿ ಫ್ರಾನ್ಸ್ ಯೋಸೆಫ್ ಸ್ಟ್ರಾಸ್ ಅವರ ಸರ್ಕಾರ 1985ರಲ್ಲಿ ಕಾನೂನನ್ನೇ ಬದಲಿಸಿತು. ಕೆಳಗಿನವನು ಮಾಡದಿದ್ದರೆ ಮೇಲಿನವನು ಅವನ ಜಾಗದಲ್ಲಿ ನಿಂತು ಮಾಡಬಹುದು! ಜನ ಆ ತಿದ್ದುಪಡಿಗೆ ಶೂಯಿರರ್ ಹೆಸರನ್ನೇ ಇಟ್ಟರು. ಅವರ ಮೇಲೆ ಶಿಸ್ತು ವಿಚಾರಣೆಯೂ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಅಣು ಕಾಯ್ದೆಯಡಿ ಮೊದಲ ಅನುಮತಿ ಕೊಟ್ಟಿದ್ದು ಯಾರು? ಅದೇ ಪರಿಸರ ಸಚಿವಾಲಯ. ಡಿಸೆಂಬರ್‌ನಲ್ಲಿ ಪೊಲೀಸರ ಕಾವಲಲ್ಲಿ ಕಾಡು ಕಡಿದರು.

ಆಮೇಲೆ 1986ರ ಏಪ್ರಿಲ್ 26. ಚೆರ್ನೋಬಿಲ್ ಸಿಡಿಯಿತು. ಕೆಲವೇ ದಿನದಲ್ಲಿ ಬವೇರಿಯಾ ಮೇಲೆ ಮಳೆ ಸುರಿದು, ಮಳೆ ಜೊತೆ ಸೀಸಿಯಂ ಇಳಿಯಿತು. ಹುಲ್ಲಿಗೆ ಬಿತ್ತು, ಹುಲ್ಲಿಂದ ಹಸುವಿಗೆ, ಹಸುವಿಂದ ಹಾಲಿಗೆ. ಪರಿಸರ ಬೇರೆ, ತಟ್ಟೆಯ ಅನ್ನ ಬೇರೆ ಅಂತ ನಂಬಿದ್ದವರಿಗೆಲ್ಲ ಆ ವರ್ಷ ಪಾಠ ಆಯಿತು. ಹಾಲಿನಿಂದ ಬೇರೆಯಾದ ಸುಮಾರು 5,000 ಟನ್ ಹಾಲೊಡಕಿನ ಪುಡಿ ವಿಕಿರಣ ತುಂಬಿಕೊಂಡು ಕೂತಿತು. ಎಲ್ಲಿಗೆ ಹಾಕೋದು? 1987ರ ಆರಂಭದಲ್ಲಿ ಆ ಪುಡಿ ತುಂಬಿದ ರೈಲು ಬೋಗಿಗಳು ಬ್ರೆಮೆನ್ ಬಂದರು ಊರಲ್ಲಿ ಸಿಕ್ಕಿಬಿದ್ದವು. ಒಂದು ಪಾಲು ಈಜಿಪ್ಟ್‌ಗೆ ಹೊರಟಿತ್ತು ಅಂತ ಆಗಿನ ಪತ್ರಿಕೆಗಳು ಬರೆದವು. ತಾವು ತಿನ್ನಲಾಗದ್ದು ಬಡವರ ದೇಶಕ್ಕೆ. ಎಂಜಲೆಲೆ ಯಾರ ಮುಂದೆ ಬೀಳುತ್ತೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗ ಪರಿಸರ ಸಚಿವ ಆಲ್ಫ್ರೆಡ್ ಡಿಕ್ ಏನು ಮಾಡಿದರು ಗೊತ್ತಾ? ಪತ್ರಕರ್ತರ ಮುಂದೆ, ಕ್ಯಾಮೆರಾ ಎದುರು ಆ ಪುಡಿಯನ್ನು ಬಾಯಿಗೆ ಹಾಕಿಕೊಂಡು, ಏನೂ ಆಗಲ್ಲ ಅಂತ ತೋರಿಸಿದರು. ಒಂದು ಚಿಟಿಕೆ ತಿಂದು ಮನೆಗೆ ಹೋಗೋದು ಬೇರೆ, ದಿನವೂ ಅದನ್ನೇ ಕುಡಿದು ಬೆಳೆಯೋ ಮಗು ಬೇರೆ. ಕೊನೆಗೆ ಆ ಪುಡಿಯನ್ನು ಲಿಂಗೆನ್ ಅನ್ನೋ ಊರಿಗೆ ಸಾಗಿಸಿ ಸರ್ಕಾರಿ ದುಡ್ಡಲ್ಲೇ ಶುದ್ಧ ಮಾಡಬೇಕಾಯಿತು.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಕಾರ್ಖಾನೆಯ ಬಗ್ಗೆ ಆಕ್ಷೇಪಣೆ ಇದ್ದರೆ ಕೊಡಿ ಅಂತ 1988ರಲ್ಲಿ ಕರೆದಾಗ ಬಂದ ತಕರಾರುಗಳು ಸುಮಾರು 8,81,000. ಗಡಿಯಾಚೆಯ ಆಸ್ಟ್ರಿಯಾದಿಂದಲೇ 4 ಲಕ್ಷಕ್ಕೂ ಹೆಚ್ಚು. ಆ ಬೇಸಿಗೆಯಲ್ಲಿ ನಾಯ್ನ್‌ಬುರ್ಗ್ ಅನ್ನೋ ಪಟ್ಟಣದಲ್ಲಿ ವಾರಗಟ್ಟಲೆ ವಿಚಾರಣೆ ನಡೆಯಿತು. ಒಬ್ಬ ಟಪಾಲು ಗುಮಾಸ್ತನಾಗಿ ಆ ರಾಶಿಯನ್ನು ಊಹಿಸಿಕೊಳ್ತೀನಿ. ಅಷ್ಟೂ ಕಾಗದವನ್ನು ಯಾವ ಬೀರುವಿನಲ್ಲಿ ಬಚ್ಚಿಡ್ತೀರಿ? ಆಕ್ಷೇಪಣೆ ಬಂದಿಲ್ಲ ಅಂತ ಯಾವ ಕೈ ಬರೆಯುತ್ತೆ?

ಅದೇ ವರ್ಷ ಜನವರಿಯಲ್ಲಿ ರಾಜ್ಯದ ಉನ್ನತ ಆಡಳಿತ ನ್ಯಾಯಾಲಯ ಕಾರ್ಖಾನೆಯ ಕಟ್ಟಡ ಯೋಜನೆಯನ್ನೇ ರದ್ದು ಮಾಡಿತ್ತು. 1989ರ ಮೇ ಕೊನೆಗೆ ಕೆಲಸ ನಿಂತುಹೋಯಿತು. ಜನ ಗೆದ್ದರು ಅಂತ ಮಾತ್ರ ಹೇಳಿದರೆ ಅರ್ಧ ಸತ್ಯ. ಫ್ರಾನ್ಸಿನಲ್ಲಿ ಮಾಡಿಸಿದರೆ ಅಗ್ಗ ಅಂತ ಕಂಪನಿಗಳು ಲೆಕ್ಕ ಹಾಕಿದ್ದೂ ನಿಜ. ಆದರೆ ಇಲ್ಲಿ ಮಾಡೋದು ಅಷ್ಟು ದುಬಾರಿ ಆಗೋದಕ್ಕೆ, ಅಷ್ಟು ತಡ ಆಗೋದಕ್ಕೆ ಆ ತಕರಾರುಗಳು, ಆ ಮೊಕದ್ದಮೆಗಳು, ಬೀದಿಯಲ್ಲಿ ನಿಂತ ಆ ಜನವೂ ಕಾರಣ.

ಗ್ರಾಹಕರ ವಿಷಯ ಆ ಸಚಿವಾಲಯಕ್ಕೆ ಸೇರಿದ ಕಥೆಯೂ ಹೀಗೇ. 2000ದ ಕೊನೆಯಲ್ಲಿ ಜರ್ಮನಿಯ ಹಸುಗಳಲ್ಲೇ ಹುಚ್ಚುಹಸು ರೋಗ ಕಂಡಿತು. 2001ರ ಜನವರಿಯಲ್ಲಿ ಬವೇರಿಯಾದ ಆರೋಗ್ಯ ಹೊಣೆಯ ಸಚಿವೆ ಬಾರ್ಬರಾ ಸ್ಟಾಮ್ ರಾಜೀನಾಮೆ ಕೊಟ್ಟರು. ಗ್ರಾಹಕ ರಕ್ಷಣೆಗೆ ಹೊಸ ಸಚಿವಾಲಯ ಬಂತು. 2003ರಲ್ಲಿ ಅದನ್ನು ಪರಿಸರದ ಜೊತೆ ಕೂಡಿಸಿದರು. 2013ರಿಂದ ಅದರ ಹೆಸರು ಪರಿಸರ ಮತ್ತು ಗ್ರಾಹಕ ರಕ್ಷಣಾ ಸಚಿವಾಲಯ. ಅಲ್ಲಿನ ಕಾಡುಹಂದಿಯ ಮಾಂಸವನ್ನು ಇವತ್ತಿಗೂ ಅಳೆದು ನೋಡ್ತಾರೆ. ಕಿಲೋಗೆ 600 ಬೆಕೆರೆಲ್ ದಾಟಿದರೆ ಮಾರುವ ಹಾಗಿಲ್ಲ. ಚೆರ್ನೋಬಿಲ್ ಇನ್ನೂ ಮಣ್ಣಲ್ಲಿದೆ. ನಮ್ಮಲ್ಲಿ ಪರಿಸರ ಒಂದು ಇಲಾಖೆ, ಗ್ರಾಹಕರದ್ದು ಇನ್ನೊಂದು ಇಲಾಖೆ. ಕೊಳವೆಬಾವಿಯ ನೀರು ಕೆಟ್ಟರೆ ಯಾವ ಬಾಗಿಲು ತಟ್ಟಬೇಕು ಅಂತ ಕೇರಿಯವರು ಅಲೆಯೋದು ತಪ್ಪಿಲ್ಲ.

ಇನ್ನೊಂದು ಮಾತು. 2019ರಲ್ಲಿ ಜೇನ್ನೊಣ ಉಳಿಸಿ ಅಂತ ಬವೇರಿಯಾದಲ್ಲಿ ಜನರೇ ಮಸೂದೆ ತಂದರು. ಹದಿನಾಲ್ಕು ದಿನದಲ್ಲಿ ಮತದಾರರಲ್ಲಿ ನೂರಕ್ಕೆ ಹತ್ತು ಜನ ಖುದ್ದಾಗಿ ಹೋಗಿ ಸಹಿ ಹಾಕಬೇಕು ಅನ್ನೋದು ನಿಯಮ. ಫೆಬ್ರವರಿಯ ಚಳಿಯಲ್ಲಿ ಸಾಲು ನಿಂತು ಹಾಕಿದವರು 17 ಲಕ್ಷಕ್ಕೂ ಹೆಚ್ಚು, ಶೇಕಡ 18.3. ಜುಲೈನಲ್ಲಿ ಸರ್ಕಾರ ಅದನ್ನೇ ಕಾನೂನು ಮಾಡಿತು.

ನನಗೆ ತಿಳಿದದ್ದು ಇಷ್ಟು. ಸಚಿವಾಲಯ ತಾನಾಗೇ ಯಾರನ್ನೂ ಕಾಯಲ್ಲ. ಅದೇ ಮೊಹರು ಕಾಡನ್ನೂ ಉಳಿಸಿದೆ, ಕಾಡು ಕಡಿಯೋಕೂ ಬಿದ್ದಿದೆ. ಬಚ್ಚಿಡಲಾಗದಷ್ಟು ಕಾಗದ ಎದುರಿಗೆ ಬಂದಾಗ ಮಾತ್ರ ಅದು ಕಣ್ಣು ತೆರೆಯುತ್ತೆ.

ನಮ್ಮ ಕ್ರಷರ್‌ನ ಪರವಾನಗಿ ನವೀಕರಣ ಹತ್ತಿರ ಬರ್ತಿದೆ. ಈ ಸಲ ಒಂದು ಅರ್ಜಿಗೆ ಅರವತ್ತು ಹೆಬ್ಬೆಟ್ಟು ಅಲ್ಲ, ಅರವತ್ತು ಜನ, ಅರವತ್ತು ಅರ್ಜಿ. ಪ್ರತಿಯೊಂದಕ್ಕೂ ಎರಡು ಪ್ರತಿ, ಸೀಲು, ತಾರೀಖು, ಇನ್‌ವರ್ಡ್ ನಂಬರ್. ನಿಮ್ಮೂರಲ್ಲೂ ಇಂಥದ್ದಿದ್ದರೆ ಹಾಗೇ ಮಾಡಿ. ಅರ್ಜಿ ಬರೆಯೋಕೆ ಯಾರೂ ಇಲ್ಲ ಅಂದ್ರೆ ನನಗೆ ಹೇಳಿ, ಭಾನುವಾರ ಬರ್ತೀನಿ.

ಆ ಅಜ್ಜಿ ಈಗಿಲ್ಲ. ಅವರ ಸೊಸೆ ಸಹಿ ಹಾಕೋದು ಕಲಿತಿದ್ದಾರೆ. ಮೊದಲ ಅರ್ಜಿ ಅವರದ್ದೇ.

ಜೈಭೀಮ್.