ಮಾರಿಸ್ (ಕಾದಂಬರಿ)

ಮಾರಿಸ್ ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ (1879–1970) ಅವರ ಕಾದಂಬರಿ. 1913–14ರಲ್ಲಿ ರಚಿತವಾದ ಈ ಕೃತಿ ಲೇಖಕರ ಮರಣಾನಂತರ, 1971ರಲ್ಲಿ ಪ್ರಕಟವಾಯಿತು. ಪುರುಷರಿಬ್ಬರ ನಡುವಣ ಪ್ರೇಮ ಹಾಗೂ ಅದನ್ನು ಮೊದಲು ತನ್ನೊಳಗೆ ಒಪ್ಪಿಕೊಂಡು ಬಳಿಕ ಇತರರ ಮುಂದೆ ಹೇಳಿಕೊಳ್ಳುವ ಕಷ್ಟ ಇದರ ವಸ್ತು. ಕಾದಂಬರಿ ಸುಖಾಂತವಾಗಿದೆ. ಆ ಸುಖಾಂತ್ಯವೇ ಇದರ ಪ್ರಕಟಣೆಗೆ ದೊಡ್ಡ ಅಡ್ಡಿಯಾಗಿತ್ತು.

ಹಿನ್ನೆಲೆ

1885ರ ಕಾನೂನು ತಿದ್ದುಪಡಿಯ ಪ್ರಕಾರ ಇಂಗ್ಲೆಂಡಿನಲ್ಲಿ ಪುರುಷರ ನಡುವಣ ದೈಹಿಕ ಸಂಬಂಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. 1895ರಲ್ಲಿ ನಾಟಕಕಾರ ಆಸ್ಕರ್ ವೈಲ್ಡ್ ಇದೇ ಕಾನೂನಿನಡಿ ಶಿಕ್ಷೆಗೆ ಗುರಿಯಾದರು. 1913ರಲ್ಲಿ ಫಾರ್ಸ್ಟರ್ ಅವರು ಚಿಂತಕ ಎಡ್ವರ್ಡ್ ಕಾರ್ಪೆಂಟರ್ ಅವರನ್ನು ಭೇಟಿಯಾದರು. ಕಾರ್ಪೆಂಟರ್ ಅವರು ಶ್ರಮಿಕ ವರ್ಗದ ಜಾರ್ಜ್ ಮೆರಿಲ್ ಅವರೊಡನೆ ಮರೆಮಾಚದೆ ಸಂಸಾರ ಹೂಡಿದ್ದರು. ಈ ಭೇಟಿಯೇ ಕಾದಂಬರಿಗೆ ಪ್ರೇರಣೆಯಾಯಿತು.

ಕಥಾಸಾರ

ಮಧ್ಯಮ ವರ್ಗದ ಸಾಮಾನ್ಯ ಯುವಕ ಮಾರಿಸ್ ಹಾಲ್, ಕೇಂಬ್ರಿಜ್‌ನಲ್ಲಿ ಓದುವಾಗ ಜಮೀನುದಾರ ಮನೆತನದ ಕ್ಲೈವ್ ಡರ್‌ಹ್ಯಾಮ್‌ನ ಸ್ನೇಹ ಗಳಿಸುತ್ತಾನೆ. ಪ್ಲೇಟೋವನ್ನು ಓದಿಕೊಂಡ ಕ್ಲೈವ್ ತನ್ನ ಪ್ರೇಮವನ್ನು ತಿಳಿಸಿದಾಗ ಮಾರಿಸ್ ಮೊದಲು ಬೆಚ್ಚಿ ತಿರಸ್ಕರಿಸುತ್ತಾನೆ. ಅನಂತರ ತನ್ನೊಳಗೂ ಅದೇ ಭಾವವಿರುವುದನ್ನು ಕಂಡುಕೊಳ್ಳುತ್ತಾನೆ. ದೇಹಸಂಬಂಧವಿಲ್ಲದ ಈ ಪ್ರೇಮ ಕೆಲವು ವರ್ಷ ನಡೆಯುತ್ತದೆ. ಗ್ರೀಸ್ ಪ್ರವಾಸದ ವೇಳೆ ಕ್ಲೈವ್ ತನ್ನ ಒಲವು ಸ್ತ್ರೀಯರತ್ತ ತಿರುಗಿತೆಂದು ತಿಳಿಸಿ, ಮುಂದೆ ಆನ್ ಎಂಬವಳನ್ನು ವಿವಾಹವಾಗುತ್ತಾನೆ.

ಒಂಟಿಯಾದ ಮಾರಿಸ್ ತನ್ನ ಒಲವನ್ನು ರೋಗವೆಂದು ಬಗೆದು ಕುಟುಂಬದ ಪರಿಚಿತ ವೈದ್ಯರಲ್ಲಿಗೆ ಹೋಗುತ್ತಾನೆ. ಅದಕ್ಕೆ ಬೇರೆ ಹೆಸರು ತಿಳಿಯದೆ ಆಸ್ಕರ್ ವೈಲ್ಡ್‌ನ ಹೆಸರು ಹೇಳುತ್ತಾನೆ. ವೈದ್ಯರು ಮಾತನ್ನೇ ತಳ್ಳಿಹಾಕುತ್ತಾರೆ. ಬಳಿಕ ನಡೆದ ವಶೀಕರಣ ಚಿಕಿತ್ಸೆಯೂ ಫಲಿಸುವುದಿಲ್ಲ. ಈ ನಡುವೆ ಕ್ಲೈವ್‌ನ ಎಸ್ಟೇಟಿನಲ್ಲಿ ಬೇಟೆಯ ಪ್ರಾಣಿಪಕ್ಷಿಗಳನ್ನು ಕಾಯುವ ಅಲೆಕ್ ಸ್ಕಡರ್ ಒಂದು ರಾತ್ರಿ ಏಣಿ ಹತ್ತಿ ಮಾರಿಸ್‌ನ ಕೋಣೆಗೆ ಬರುತ್ತಾನೆ. ವರ್ಗಭೇದದಿಂದ ಹುಟ್ಟಿದ ಪರಸ್ಪರ ಸಂಶಯ, ಬೆದರಿಕೆಗಳನ್ನು ದಾಟಿ ಇಬ್ಬರೂ ಹತ್ತಿರವಾಗುತ್ತಾರೆ. ಅಲೆಕ್ ಅರ್ಜೆಂಟೀನಾಕ್ಕೆ ಹೊರಡಬೇಕಿದ್ದ ಹಡಗನ್ನು ಏರುವುದಿಲ್ಲ. ಕೊನೆಯಲ್ಲಿ ಮಾರಿಸ್ ಕ್ಲೈವ್‌ನಿಗೆ ಎಲ್ಲವನ್ನೂ ಹೇಳಿ ಅಲೆಕ್‌ನೊಡನೆ ಬಾಳಲು ಹೊರಟುಹೋಗುತ್ತಾನೆ. ಕ್ಲೈವ್ ಈ ಸತ್ಯವನ್ನು ಹೆಂಡತಿಯಿಂದ ಹೇಗೆ ಮುಚ್ಚಿಡುವುದೆಂದು ಯೋಚಿಸುತ್ತ ಉಳಿಯುತ್ತಾನೆ.

ಸುಖಾಂತ್ಯ ಮತ್ತು ಪ್ರಕಟಣೆ

ಹಸ್ತಪ್ರತಿಯನ್ನು ಫಾರ್ಸ್ಟರ್ ಅವರು ಆಪ್ತರಿಗಷ್ಟೇ ತೋರಿಸಿದ್ದರು. ಈ ಜೋಡಿ ಬಹುಕಾಲ ಒಟ್ಟಿಗೆ ಬಾಳದೆಂದು ಓದಿದವರಲ್ಲಿ ಒಬ್ಬರಾದ ಲಿಟ್ಟನ್ ಸ್ಟ್ರೇಚಿ ಅಭಿಪ್ರಾಯಪಟ್ಟರು. ಆದರೂ ಲೇಖಕರು ಅಂತ್ಯವನ್ನು ಬಿಟ್ಟುಕೊಡಲಿಲ್ಲ. 1960ರಲ್ಲಿ ಬರೆದ ಹಿನ್ನುಡಿಯಲ್ಲಿ ಅವರು, ಸುಖಾಂತ್ಯ ಅನಿವಾರ್ಯವಾಗಿತ್ತು, ಕಥೆ ದುರಂತದಲ್ಲಿ ಮುಗಿದಿದ್ದರೆ ಪ್ರಕಟಣೆ ಸುಲಭವಾಗುತ್ತಿತ್ತು ಎಂಬ ಆಶಯವನ್ನು ವ್ಯಕ್ತಪಡಿಸಿದ್ದಾರೆ. ಶಿಕ್ಷೆಯಿಲ್ಲದೆ ಪಾರಾಗುವ ಪ್ರೇಮಿಗಳ ಕಥೆ ಅಪರಾಧಕ್ಕೆ ಪ್ರೋತ್ಸಾಹವೆಂದು ಪರಿಗಣಿತವಾಗುವ ಭಯ ಅಂದು ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ವರ್ಷ ತುಂಬಿದ ಪುರುಷರ ಸಮ್ಮತಿಯ ಖಾಸಗಿ ಸಂಬಂಧ ಅಪರಾಧವಲ್ಲವೆಂದು ಕಾನೂನಾದದ್ದು 1967ರಲ್ಲಿ.

ಭಾರತದ ನಂಟು

ಫಾರ್ಸ್ಟರ್ ಅವರು 1912–13ರಲ್ಲಿ ಮೊದಲ ಬಾರಿ ಭಾರತದಲ್ಲಿ ಸಂಚರಿಸಿ, ಹಿಂದಿರುಗಿದ ವರ್ಷವೇ ಈ ಕಾದಂಬರಿಯನ್ನು ಆರಂಭಿಸಿದರು. ಅವರು ಪ್ರೇಮಿಸಿದ ಸೈಯದ್ ರಾಸ್ ಮಸೂದ್ ಅವರಿಗೆ 1924ರ 'ಎ ಪ್ಯಾಸೇಜ್ ಟು ಇಂಡಿಯಾ' ಅರ್ಪಿತವಾಗಿದೆ. ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು.

ಚಲನಚಿತ್ರ

1987ರಲ್ಲಿ ಜೇಮ್ಸ್ ಐವರಿ ನಿರ್ದೇಶನದಲ್ಲಿ, ಮುಂಬಯಿಯಲ್ಲಿ ಜನಿಸಿದ ಇಸ್ಮಾಯಿಲ್ ಮರ್ಚೆಂಟ್ ಅವರ ನಿರ್ಮಾಣದಲ್ಲಿ ಇದು ಚಲನಚಿತ್ರವಾಯಿತು. ಮಾರಿಸ್ ಆಗಿ ಜೇಮ್ಸ್ ವಿಲ್ಬಿ, ಕ್ಲೈವ್ ಆಗಿ ಹ್ಯೂ ಗ್ರಾಂಟ್, ಅಲೆಕ್ ಆಗಿ ರೂಪರ್ಟ್ ಗ್ರೇವ್ಸ್ ನಟಿಸಿದರು. ವಿಲ್ಬಿ ಮತ್ತು ಗ್ರಾಂಟ್ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಹಂಚಿಕೊಂಡರು.

ಮಹತ್ವ

ಫಾರ್ಸ್ಟರ್ ಅವರ ಇತರ ಕೃತಿಗಳ ಕಲಾತ್ಮಕ ಬಿಗಿ ಇದರಲ್ಲಿಲ್ಲವೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದ್ದಾರೆ. ಆದರೆ ನಾಯಕನು ಪ್ರತಿಭಾವಂತನಾಗಲಿ ಕಲಾವಿದನಾಗಲಿ ಅಲ್ಲ. ಷೇರು ವ್ಯಾಪಾರದ ಕಚೇರಿಯಲ್ಲಿ ದುಡಿಯುವ ಸಾಧಾರಣ ಮನುಷ್ಯ. ಅಂಥವನಿಗೂ ಒಲಿದವರೊಡನೆ ಬಾಳುವ ಹಕ್ಕಿದೆಯೆಂಬುದು ಕಾದಂಬರಿಯ ನಿಲುವು. ಈ ವಿಷಯದ ಸಾಹಿತ್ಯವನ್ನು ಓದತೊಡಗುವವರಿಗೆ ಇದು ಉತ್ತಮ ಪ್ರವೇಶಿಕೆಯಾಗಿದೆ.