ಛೆಟ್ರಿ ಗೋಲಿನ ಮರುದಿನ

2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ. ಕೇರಳ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ. ಅವರು ಮೈದಾನ ಬಿಟ್ಟೇ ನಡೆದರು. ಆಮೇಲೆ ನಾಲ್ಕು ಕೋಟಿ ದಂಡವೂ ಬಿತ್ತು..

ನಮ್ಮ ಶಿರಸಿ ಕಡೆ ಆಟ ಮುಗಿದ ಮೇಲೆ ಭಾಗವತರ ಬಗ್ಗೆ ವಾದ ಮಾಡುವ ಹಾಗೆ ನಾನೂ ಮಲಯಾಳಿ ರೂಮ್‌ಮೇಟೂ ಜಗಳಕ್ಕೆ ಬಿದ್ದೆವು. "ನಿಮ್ಮ ಚಾನೆಲ್‌ನವರಿಗೆ ಅಳೋದೊಂದೇ ಗೊತ್ತು" ಅಂತ ನಾನು, "ನಿಮ್ಮ ಪೇಪರಿನವರದ್ದು ಛೆಟ್ರಿ ಭಜನಾ ಮಂಡಳಿ" ಅಂತ ಅವನು.

ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಹಿಂದೆ 1968-69ರಲ್ಲಿ ಗೆದ್ದಾಗ ರಾಜ್ಯಕ್ಕಿನ್ನೂ ಮೈಸೂರು ಅಂತಲೇ ಹೆಸರು. ನಾವು ನೋಡುತ್ತಿದ್ದ ಚಾನೆಲ್‌ನಲ್ಲಿ ಆಗಲೂ ಛೆಟ್ರಿಯ ಗೋಲೇ.

ಬೈಯೋಣ ಅಂದ್ರೆ.. ಸಿದ್ದಾಪುರದಿಂದ ಅಪ್ಪಯ್ಯ ಫೋನ್ ಮಾಡಿ "ನಮ್ಮವು ಕಪ್ ಗೆದ್ವಡ, ನೋಡಿದ್ಯಾ ಮಾಣಿ?" ಅಂದಾಗ "ಯಾವ ಕಪ್ಪು?" ಅಂದವನು ನಾನೇ :)