ಜನತಾ ಮನೆಯಿಂದ ಆವಾಸ್ ಯೋಜನೆಯವರೆಗೆ: ಬಡವರ ಸೂರಿನ ಕಥೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿರಬಹುದು. ಎಲ್ಲರೂ ಸಾಲದ ಕಷ್ಟ, ಗಾರೆಯವನ ಕಾಟ ಎಂದೆಲ್ಲ ಬರೆಯುತ್ತಿದ್ದಿರಿ. ಕಾಲಿಡಲು ಸ್ವಂತ ನೆಲವೇ ಇಲ್ಲದವನು ಆ ಗಾದೆಯೊಳಗೆ ಸೇರುವುದೇ ಇಲ್ಲವಲ್ಲ ಎಂಬುದು ಅಂದು ನನಗೂ ಹೊಳೆದಿರಲಿಲ್ಲ.

ನಮ್ಮ ನಾಡಿನಲ್ಲಿ ಸರ್ಕಾರವು ವಸತಿಯ ವಿಚಾರಕ್ಕೆ ಕೈಹಾಕಿದ್ದು ಮೊದಲು ರೋಗದ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. 1903ರಲ್ಲಿ ಮೈಸೂರು ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿ ಬಂದಿತು. ಸ್ವಾತಂತ್ರ್ಯಾನಂತರ ಕೇಂದ್ರವು 1952ರಲ್ಲಿ ಕೈಗಾರಿಕಾ ಕಾರ್ಮಿಕರಿಗೆ, 1954ರಲ್ಲಿ ಅಲ್ಪ ಆದಾಯದವರಿಗೆ ವಸತಿ ಯೋಜನೆಗಳನ್ನು ಪ್ರಾರಂಭಿಸಿತು. 1962ರಲ್ಲಿ ನಮ್ಮ ರಾಜ್ಯದ ಗೃಹಮಂಡಳಿ ಕಾಯಿದೆ, 1970ರಲ್ಲಿ ಮಂಡಳಿಗಳಿಗೆ ಸಾಲ ಕೊಡುವ ಹಡ್ಕೊ ಸಂಸ್ಥೆ ಬಂದವು. ಇವೆಲ್ಲವೂ ಬಹುಮಟ್ಟಿಗೆ ಪಟ್ಟಣದವರಿಗೆ, ತಿಂಗಳ ಸಂಬಳ ಉಳ್ಳವರಿಗೆ ದಕ್ಕಿದವು. ನನ್ನಂಥ ಮೇಷ್ಟರು ಗೃಹನಿರ್ಮಾಣ ಮುಂಗಡ ಪಡೆದು, ಸಂಬಳದಲ್ಲಿ ಕಂತು ಕಟ್ಟಿ ಮನೆ ಮಾಡಿಕೊಂಡದ್ದು ಇದೇ ದಾರಿಯಲ್ಲಿ.

ಹಳ್ಳಿಯ ಕೂಲಿಯವನ ಸ್ಥಿತಿ ಬೇರೆ. ಅವನ ಗುಡಿಸಲು ಇರುತ್ತಿದ್ದುದು ಗೌಡರ ಜಮೀನಿನ ಅಂಚಿನಲ್ಲಿ. ಮಾತು ಮೀರಿದರೆ ಗುಡಿಸಲು ಕಿತ್ತುಕೊಂಡು ಹೊರಡಬೇಕಿತ್ತು. ಆದ್ದರಿಂದಲೇ ದೇವರಾಜ ಅರಸರ ಕಾಲದ ಕ್ರಮಗಳನ್ನು ನಾನು ದೊಡ್ಡವೆಂದು ಎಣಿಸುತ್ತೇನೆ. ‘ಉಳುವವನೇ ಹೊಲದೊಡೆಯ’ ಎಂಬುದನ್ನು ಎಲ್ಲರೂ ಬಲ್ಲರು. ಅದೇ ಭೂಸುಧಾರಣಾ ಕಾಯಿದೆಯ 38ನೆಯ ಕಲಮು, ಪರರ ಜಮೀನಿನಲ್ಲಿ ಮನೆಮಾಡಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ಮನೆಯ ನೆಲದ ಒಡೆತನವನ್ನು ಪಡೆಯುವ ಹಕ್ಕು ಕೊಟ್ಟಿತೆಂಬುದು ಅಷ್ಟು ಪ್ರಸಿದ್ಧವಲ್ಲ. ಜೊತೆಗೆ ನಿವೇಶನರಹಿತರಿಗೆ ನಿವೇಶನ, ಅದರ ಮೇಲೊಂದು ಜನತಾ ಮನೆ.

ನಾನು ಹೈಸ್ಕೂಲು ಮುಗಿಸುತ್ತಿದ್ದ ದಿನಗಳಲ್ಲಿ ನಮ್ಮೂರಿನಲ್ಲೂ ಊರಾಚೆಯ ಗೋಮಾಳದಲ್ಲಿ ಜನತಾ ಮನೆಗಳೆದ್ದವು. ಒಂದು ಕೋಣೆ, ಒಂದು ಒಲೆ, ಮೇಲೆ ಹೆಂಚು. ಬಾವಿ ದೂರ, ಹಾದಿಯಿಲ್ಲ. ಊರಿನ ಕೆಲವರು ಹಗುರವಾಗಿ ಮಾತನಾಡಿದರು. ಆದರೆ ಅಲ್ಲಿಗೆ ಹೋದ ಒಬ್ಬ ಮುದುಕಿ ಹಕ್ಕುಪತ್ರವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದೆ 1985ರಲ್ಲಿ ಇಂದಿರಾ ಆವಾಸ್ ಯೋಜನೆ, 1990ರ ದಶಕದ ಆರಂಭದಲ್ಲಿ ರಾಜ್ಯದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂದವು. ಇಂದಿರಾ ಆವಾಸ್‌ನಲ್ಲಿ ಮನೆಯನ್ನು ಹೆಂಡತಿಯ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಕೊಡಬೇಕೆಂದಿತ್ತು, ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. ಬಯಲುಸೀಮೆಯಲ್ಲಿ ಒಂದು ಮನೆಗೆ ಕೊಡುತ್ತಿದ್ದ ಸಹಾಯಧನ 2004ರಲ್ಲಿ 25,000 ರೂಪಾಯಿ, 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000. 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ 1,20,000 ಆಯಿತು. ಹಣ ಬರುವುದು ಕಂತುಕಂತಾಗಿ, ಕೆಲಸ ಮುಂದುವರಿದಂತೆ. ಕೈಯಲ್ಲಿ ಒಂದಿಷ್ಟು ದುಡ್ಡಿದ್ದವನ ಗೋಡೆ ಮೇಲೇಳುತ್ತದೆ. ಇಲ್ಲದವನದು ತಳಪಾಯದಲ್ಲೇ ನಿಂತು, ಅದರ ಮೇಲೆ ಹುಲ್ಲು ಬೆಳೆಯುತ್ತದೆ. ಅಂಥ ತಳಪಾಯಗಳನ್ನು ನೀವೂ ನೋಡಿರುತ್ತೀರಿ.

ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿರುವ ಒಂದು ಸಂಗತಿಯನ್ನು ಹೇಳಬೇಕು. 2002ರ ಬಡತನ ರೇಖೆಯ ಸಮೀಕ್ಷೆಗೆ ನಾನೂ ಗಣತಿದಾರನಾಗಿದ್ದೆ. ಪ್ರತಿ ಕುಟುಂಬಕ್ಕೆ 13 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಅಂಕ ಹೆಚ್ಚಾದಷ್ಟೂ ಕುಟುಂಬ ಅನುಕೂಲಸ್ಥವೆಂದು ಅರ್ಥ. ಮನೆಯಿಲ್ಲದವರಿಗೆ 0, ಕಚ್ಚಾ ಮನೆಗೆ 1, ಅರೆಪಕ್ಕಾ ಮನೆಗೆ 2.

ಸಂಜೆಯಾಗಿತ್ತು, ಇನ್ನೂ ಹಲವು ಮನೆಗಳು ಬಾಕಿಯಿದ್ದವು. ಒಂದು ಹೆಂಚಿನ ಮನೆಯ ಪಡಸಾಲೆಯಲ್ಲಿ ನನ್ನ ತರಗತಿಯ ಹುಡುಗನೊಬ್ಬ ಓದುತ್ತ ಕುಳಿತಿದ್ದ. ನಾನು ಹೆಂಚನ್ನು ನೋಡಿದೆ, 2 ಎಂದು ಬರೆದೆ. ಮನೆ ಹುಡುಗನ ದೊಡ್ಡಪ್ಪನದು. ಇವರು ಐದು ಜನ ಆ ಪಡಸಾಲೆಯ ಒಂದು ಮೂಲೆಯಲ್ಲಿ ಬೇರೆ ಒಲೆ ಹೂಡಿಕೊಂಡು ಬಾಳುತ್ತಿದ್ದರು. ‘ಮನೆ ನಮ್ದಲ್ಲ ಸಾಮಿ’ ಎಂದು ಅವನ ತಾಯಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೂ ತಿದ್ದಲಿಲ್ಲ.

ಮುಂದೆ ಆ ಅಂಕಗಳ ಆಧಾರದ ಮೇಲೆಯೇ ಇಂದಿರಾ ಆವಾಸ್‌ನ ಕಾಯುವ ಪಟ್ಟಿ ಸಿದ್ಧವಾಗಿ ಪಂಚಾಯಿತಿಯ ಗೋಡೆಯ ಮೇಲೆ ಬಂದಿತು. ಅದರಲ್ಲಿ ಆ ಕುಟುಂಬದ ಹೆಸರು ಇರಲಿಲ್ಲ. ಎರಡು ಅಂಕದ ವ್ಯತ್ಯಾಸದಿಂದಲೇ ತಪ್ಪಿತೋ, ಬೇರೆ ಕಾರಣವೋ ಹೇಳಲಾರೆ. ನಾನು ಬರೆದದ್ದು ತಪ್ಪು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಅವರು ಹಿತ್ತಲಲ್ಲೊಂದು ಗುಡಿಸಲು ಹಾಕಿಕೊಂಡರು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಬೇರೊಬ್ಬರು ಬಂದು, ಅದನ್ನು ಒಂದೇ ಕೋಣೆಯ ಕಚ್ಚಾ ಮನೆಯೆಂದು ಸರಿಯಾಗಿ ದಾಖಲಿಸಿದರು. ಆವಾಸ್ ಯೋಜನೆಯ ಪಟ್ಟಿ ಆ ಗಣತಿಯಿಂದಲೇ ಆಯಿತು. 2019ರಲ್ಲಿ ಅವರ ಗೃಹಪ್ರವೇಶಕ್ಕೆ ಹುಡುಗ, ಅಲ್ಲ, ಈಗ ಎರಡು ಮಕ್ಕಳ ತಂದೆ, ನನ್ನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ. ಹಕ್ಕುಪತ್ರ ತಾಯಿಯ ಹೆಸರಿನಲ್ಲಿತ್ತು. ತಂದೆ ಅದಾಗಲೇ ತೀರಿಕೊಂಡಿದ್ದರು. ನಾನು ಊಟ ಮಾಡಿ, ಹರಸಿ ಬಂದೆ. ವಿಷಯ ಹೇಳಲಿಲ್ಲ.

ಅವನೂ ನನ್ನ ಬರಹಗಳನ್ನು ಓದುತ್ತಾನೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ನನ್ನ ಶಿಷ್ಯರಲ್ಲಿ ಹಲವರು ಇಂದು ಗ್ರಾಮಲೆಕ್ಕಿಗರು, ಪಂಚಾಯಿತಿ ಅಧಿಕಾರಿಗಳು, ಶಿಕ್ಷಕರು. ಪಟ್ಟಿಯನ್ನು ತುಂಬುವ ಸರದಿ ನಿಮ್ಮದಾದಾಗ ಹೆಂಚು ನೋಡಿ ಅಂಕ ಹಾಕಬೇಡಿ. ಮನೆ ಯಾರದೆಂದು ಒಮ್ಮೆ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.